ತುಂಗಾಬಾಯಿಯವರ ಹಲ್ಲು, ನರಸಯ್ಯನ ವಾಲಗ

“ಅತ್ತೆ, ಎಲ್ಲಿ, ಬಾಯಿ ತೆಗೀರಿ ನೋಡೋಣ!” ಎಂದ ಡಾಕ್ಟರ್ ಸೇತುಮಾಧವ, ಹೊಸ ಕಾರು ಕೊಂಡವರು ಬಾನೆಟ್ ಎತ್ತಿ ತೋರಿಸುವ ಗತ್ತಿನಲ್ಲಿ.

ರೋಗಿಗಳ ಕುರ್ಚಿಯಲ್ಲಿ ಒರಗಿದ್ದ ಅವನ ಸೋದರತ್ತೆ ತುಂಗಾಬಾಯಿ ಬಾಯಿ ತೆಗೆದರು. ಎಂಬತ್ತು ದಾಟಿದ ಬಾಯಿ ಅದು. ಮೊನ್ನೆ ಮೊನ್ನೆಯವರೆಗೂ ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಪುಡಿ ಮಾಡಿದರಷ್ಟೇ ಒಪ್ಪಿಕೊಳ್ಳುತ್ತಿದ್ದ ಬಾಯಿ. ಈಗ ಅಲ್ಲಿ ಹಲ್ಲುಗಳು ಪಳಪಳ ಹೊಳೆಯುತ್ತಿದ್ದವು. ಸೇತುಮಾಧವ ಒಂದು ಇಡೀ ಗೋಟಡಿಕೆಯನ್ನು ಅವರ ದವಡೆಯ ನಡುವೆ ಇಟ್ಟ.

“ಕಚ್ಚಿ!”

ಕಟಕ್! ಅಡಿಕೆ ಎರಡು ಹೋಳಾಯಿತು. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ವಾಲಗದ ಪುಟ್ಟನರಸಯ್ಯ ಬೆಚ್ಚಿಬಿದ್ದು ತನ್ನ ಬಾಯಿ ಮುಚ್ಚಿಕೊಂಡ.

ನಂಜನಗೂಡು ಹಲ್ಲುಪುಡಿಗೆ ಹೆಸರಾದ ಊರು. ಅಂಥ ಊರಲ್ಲಿ ಹಲ್ಲಿನ ಆಸ್ಪತ್ರೆ ತೆಗೆಯುವುದೆಂದರೆ ಕಪಿಲಾ ಹೊಳೆಯ ದಂಡೆಯಲ್ಲಿ ನೀರು ಮಾರಲು ಕೂತ ಹಾಗೆ. ಸೇತುಮಾಧವನಿಗೆ ರೋಗಿಗಳು ಕಡಿಮೆ, ಬಿಡುವು ಹೆಚ್ಚು. ಆ ಬಿಡುವಿನಲ್ಲಿ ಅವನು ಒಂದಲ್ಲ ಒಂದು ಯಂತ್ರ ಕಂಡುಹಿಡಿಯುತ್ತಿದ್ದ. ಹಿಂದೊಮ್ಮೆ ಸುಪ್ರಭಾತ ಹಾಡುವ ಬ್ರಷ್ ಮಾಡಿದ್ದ. ಸುಪ್ರಭಾತ ಪೂರ್ತಿ ಮುಗಿಯುವ ತನಕ ಅದು ಬಾಯಿಂದ ಆಚೆ ಬರಲು ಒಪ್ಪುತ್ತಿರಲಿಲ್ಲ. ಅದನ್ನು ಕೊಂಡಿದ್ದ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ನೊರೆ ತುಂಬಿದ ಬಾಯಲ್ಲೇ ಬಸ್ಸು ಹತ್ತಿದ್ದನ್ನು ಊರು ಇನ್ನೂ ಮರೆತಿಲ್ಲ.

“ನೋಡಿ ನರಸಯ್ಯನವರೇ,” ಎಂದು ಸೇತುಮಾಧವ ಸಣ್ಣ ಸೂಜಿಯಂಥ ಒಂದು ಕಡ್ಡಿಯನ್ನು ಬೆಳಕಿಗೆ ಹಿಡಿದ. “ರೂಟ್ ಕೆನಾಲ್ ಮಾಡಿದ ಹಲ್ಲಿಗೆ ನರ ಇರೋಲ್ಲ. ಬೇರು ಗಟ್ಟಿಯಾಗೇ ಇರುತ್ತೆ, ಆದ್ರೆ ಮೇಲಿನ ಭಾಗ ಪೆಡಸಾಗಿರುತ್ತೆ. ಅದು ಮುರೀತು ಅನ್ನಿ, ಎಲ್ಲ ಡಾಕ್ಟರೂ ಏನು ಮಾಡ್ತಾರೆ? ಬೇರಿನ ಒಳಗೆ ಒಂದು ಕಡ್ಡಿ ನೆಡ್ತಾರೆ, ಅದಕ್ಕೇ ಪೋಸ್ಟ್ ಅನ್ನೋದು. ಅದರ ಸುತ್ತ ಸಿಮೆಂಟಲ್ಲಿ ಮೊಂಡು ಹಲ್ಲು ಕಟ್ಟಿ ಮೇಲೊಂದು ಕ್ಯಾಪ್ ಕೂರಿಸ್ತಾರೆ. ಸರಿ. ಆದ್ರೆ ಆ ಕಡ್ಡಿಗೆ ಏನು ಗೊತ್ತಾಗುತ್ತೆ? ಕಲ್ಲು ಕಚ್ಚಿದ್ರೂ ಒಂದೇ, ಕಡುಬು ಕಚ್ಚಿದ್ರೂ ಒಂದೇ! ನನ್ನ ಪೋಸ್ಟಿಗೆ ಬುದ್ಧಿ ಇದೆ. ಏನು ಕಚ್ತಿದೀರಿ, ಎಷ್ಟು ಬಲ ಬೇಕು ಅಂತ ತಾನೇ ಅಳೆದು ದವಡೆಗೆ ಸೂಚನೆ ಕೊಡುತ್ತೆ. ದವಡೆ ಅದು ಹೇಳಿದಷ್ಟೇ ಆಡುತ್ತೆ. ಇದರ ಹೆಸರು ದಂತಸ್ತಂಭ!”

“ಹಲ್ಲಿಗೆ ಮೊಳೆ ಹೊಡೆದು ಸ್ತಂಭ ಅಂತಾನೆ,” ಎಂದರು ತುಂಗಾಬಾಯಿ, ಅಡಿಕೆಯ ಹೋಳಿಗೆ ಸುಣ್ಣ ಹಚ್ಚಿದ ಎಲೆ ಸುತ್ತುತ್ತಾ. “ಮೊದಲು ಒಂದು ಹೊಡೆದ. ಆಮೇಲೆ ಇನ್ನೂ ಮೂರು ಹೊಡೆದ. ನಾಲ್ಕೂ ಸೇರಿ ನನ್ನ ಬಾಯಲ್ಲಿ ಏನು ಜಗಳ ಅಂತೀಯ! ಒಂದು ಕಚ್ಚು ಅನ್ನುತ್ತೆ, ಇನ್ನೊಂದು ಬಿಡು ಅನ್ನುತ್ತೆ!”

“ಅದೆಲ್ಲ ಸರಿ ಮಾಡಿದೀನಲ್ಲ ಅತ್ತೆ! ಮನೆ ಅಂದ್ಮೇಲೆ ಒಬ್ಬರು ಹಿರಿಯರು ಇರಬೇಕು. ಈಗ ನಾಲ್ಕೂ ಒಂದು ಮಾತಿಗೆ ನಡೀತವೆ.”

ನರಸಯ್ಯನಿಗೆ ಈ ವೇದಾಂತವೆಲ್ಲ ಬೇಕಿರಲಿಲ್ಲ. ಅವನಿಗೆ ಬೇಕಿದ್ದುದು ಒಂದೇ ಒಂದು ಹಲ್ಲು. ಮೇಲ್ಸಾಲಿನ ಮುಂದಿನ ಹಲ್ಲು. ಅದಕ್ಕೆ ರೂಟ್ ಕೆನಾಲ್ ಆದಾಗಲೇ ಕ್ಯಾಪ್ ಹಾಕಿಸಿಕೊಳ್ಳಿ ಎಂದು ಸೇತುಮಾಧವ ಹೇಳಿದ್ದ. ಈ ಮದುವೆ ಮುಗೀಲಿ, ಆ ಗೃಹಪ್ರವೇಶ ಮುಗೀಲಿ ಎಂದು ನರಸಯ್ಯ ಮುಂದೂಡಿದ. ಕೊನೆಗೆ ಹಲ್ಲು ಮುರಿದದ್ದು ಏನನ್ನು ಕಚ್ಚಿ? ರಸಬಾಳೆ ಹಣ್ಣನ್ನು! ಇದನ್ನು ಹೇಳಿಕೊಳ್ಳಲು ನಾಚಿಕೆಯಾಗಿ ಅವನು ಊರಲ್ಲೆಲ್ಲ ಚಕ್ಕುಲಿ ಎಂದು ಸುಳ್ಳು ಹೇಳಿಕೊಂಡು ತಿರುಗುತ್ತಿದ್ದ.

ವಾಲಗದವನಿಗೆ ಮುಂದಿನ ಹಲ್ಲು ಹೋದರೆ ಅರ್ಧ ಉಸಿರೇ ಹೋದಂತೆ. ವಾಲಗದ ತುದಿಯ ಪೀಪಿಯನ್ನು ಹಿಡಿದ ತುಟಿಗೆ ಹಿಂದಿನಿಂದ ಆಸರೆ ಕೊಡುವುದೇ ಆ ಹಲ್ಲು. ಅದಿಲ್ಲದೆ ಊದಿದ ಒಂದು ನಾಮಕರಣದಲ್ಲಿ ವಾಲಗ ಪುಸ್ಸೆಂದು, ತೊಟ್ಟಿಲ ಮಗುವೇ ನಕ್ಕಿತ್ತು. ಅದನ್ನು ಕಂಡ ಕಲ್ಯಾಣ ಮಂಟಪದ ಮ್ಯಾನೇಜರ್ ಭುಜಂಗಯ್ಯ ಮಾರನೆಯ ದಿನವೇ ಒಂದು ಪೆಟ್ಟಿಗೆ ತಂದ. ಗುಂಡಿ ಒತ್ತಿದರೆ ವಾಲಗ, ಇನ್ನೊಂದು ಗುಂಡಿ ಒತ್ತಿದರೆ ಗಟ್ಟಿಮೇಳ. “ಈ ವಾರದ ಮದುವೆ ಒಂದು ನೋಡ್ತೀನಿ ನರಸಯ್ಯ. ಅದೂ ಪುಸ್ ಅಂದ್ರೆ ಮುಂದಕ್ಕೆ ನಮ್ಮ ಮಂಟಪಕ್ಕೆ ಈ ಪೆಟ್ಟಿಗೆನೇ ವಾಲಗ,” ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಅಜ್ಜ ಊದಿದ್ದ, ಅಪ್ಪ ಊದಿದ್ದ ಮಂಟಪ. ತನ್ನ ಕಾಲದಲ್ಲಿ ಅಲ್ಲೊಂದು ಪೆಟ್ಟಿಗೆ ಕೂರುವುದನ್ನು ನರಸಯ್ಯ ನೆನೆಸಿಕೊಳ್ಳಲೂ ಒಲ್ಲ.

“ಹಾಕಿ ಡಾಕ್ಟ್ರೇ,” ಎಂದು ಅವನು ಕುರ್ಚಿ ಹತ್ತಿದ. “ಸ್ತಂಭನೋ ಮೊಳೆನೋ, ಪೀಪಿ ನಿಲ್ಲಂಗಿದ್ರೆ ಸಾಕು.”

ಸಂಜೆಯೊಳಗೆ ಹಲ್ಲು ಎದ್ದು ನಿಂತಿತು. ಸಿಮೆಂಟು ಒಣಗಿ ದಂತಸ್ತಂಭ ಎಚ್ಚರಗೊಳ್ಳಲು ಒಂದು ರಾತ್ರಿ ಬೇಕು ಎಂದ ಸೇತುಮಾಧವ. ನರಸಯ್ಯನಿಗೆ ಅಷ್ಟು ತಾಳ್ಮೆಯೆಲ್ಲಿ? ಮನೆಗೆ ಬಂದವನೇ ಜಗಲಿಯಲ್ಲಿ ಕೂತು ಕಾನಡ ರಾಗ ಎತ್ತಿಕೊಂಡ. ನಾದ ಗಂಟೆಯ ಹಾಗೆ ಬಂತು. ಹಿಂದಿನ ಬೀದಿಯಲ್ಲಿದ್ದ ಡಾಕ್ಟರ ಮನೆಯ ಕಿಟಕಿಯಿಂದ ತುಂಗಾಬಾಯಿ ಎಂದಿನಂತೆ ಕೂಗಿದರು: “ನರಸಯ್ಯಾ, ಗಾಂಧಾರ ಇನ್ನೂ ತೂಗಬೇಕು ಕಣಯ್ಯ! ನೆಟ್ಟಗೆ ಕಂಬದ ಹಾಗೆ ನಿಲ್ಲಿಸ್ತೀಯಲ್ಲ!”

ನರಸಯ್ಯನಿಗೆ ಬೇಸರವಾಗಲಿಲ್ಲ. ಮೂವತ್ತು ವರ್ಷದಿಂದ ಆ ಕಿಟಕಿ ಅವನನ್ನು ತಿದ್ದುತ್ತಲೇ ಇತ್ತು, ಅವನ ಗಾಂಧಾರ ತೂಗದೆ ಹಾಗೇ ನಿಂತಿತ್ತು.

ಮಾರನೆಯ ಮಧ್ಯಾಹ್ನ ಊಟ ಮಾಡಿ ಚಾಪೆಯ ಮೇಲೆ ಅಡ್ಡಾಗಿದ್ದ ನರಸಯ್ಯನನ್ನು ಹೆಂಡತಿ ರುಕ್ಕಮ್ಮ ಅಲುಗಿಸಿ ಎಬ್ಬಿಸಿದಳು.

“ಏನ್ರೀ ಅದು! ನಿದ್ದೆಗಣ್ಣಲ್ಲಿ ಏನ್ ಮೆಲ್ತಾ ಇದ್ದೀರಿ?”

“ಏನಿಲ್ವಲ್ಲ!” ಎಂದ ನರಸಯ್ಯ. ಎನ್ನುವಾಗಲೂ ಅವನ ದವಡೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು. ಬಾಯಲ್ಲಿ ಏನೂ ಇರಲಿಲ್ಲ.

“ನಂಗೆ ಬುಟ್ಟು ಬೆಲ್ಲ ತಿಂತಾ ಇದ್ದೀರಾ?”

“ಇಲ್ಲ ಕಣೇ! ಅದಾಗದೇ ಆಡ್ತಾ ಅದೆ!” ಎಂದು ಅವನು ಎರಡೂ ಕೈಯಲ್ಲಿ ಗದ್ದ ಹಿಡಿದ. ಗದ್ದ ಕೈಗಳನ್ನೂ ಸೇರಿಸಿಕೊಂಡು ಆಡಿತು.

ರುಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದಳು. “ಹಸಾನೂ ಹಿಂಗೆ ಮೆಲುಕು ಹಾಕಕಿಲ್ಲ. ಆ ಡಾಕ್ಟ್ರ ಹತ್ರ ಹೋಗ್ಬೇಡಿ, ಹೋಗ್ಬೇಡಿ ಅಂತ ಬಡ್ಕಂಡೆ. ಆ ಗುಮಾಸ್ತರು ನೊರೆ ಕಕ್ಕೊಂಡು ಬಸ್ ಹತ್ತಿದ್ದು ಕಣ್ಣಾರೆ ನೋಡಿದ್ರಲ್ಲ!”

ಅಷ್ಟರಲ್ಲಿ ಡೋಲಿನ ಅಂಕಯ್ಯ ಬಂದ. ರುಕ್ಕಮ್ಮನ ತಮ್ಮ, ನರಸಯ್ಯನ ಮೇಳದಲ್ಲಿ ಡೋಲು ಅವನದೇ. ಮದುವೆಗೆ ಮೊದಲು ಒಮ್ಮೆ ಅಭ್ಯಾಸ ಮಾಡೋಣವೆಂದು ಇಬ್ಬರೂ ಕೂತರು. ನರಸಯ್ಯ ಪೀಪಿ ಬಾಯಿಗಿಟ್ಟು ಸ್ವರ ಹಿಡಿದ. ದವಡೆ ಆಡಿದಂತೆ ಸ್ವರವೂ ಆಡಿತು. ನೆಟ್ಟಗೆ ನಿಲ್ಲಬೇಕಾದ ಷಡ್ಜ ಸಂತೆಯಲ್ಲಿ ಕೈಬಿಟ್ಟ ಕೂಸಿನಂತೆ ಅತ್ತಿತ್ತ ಓಡಿತು.

“ಭಾವ, ನೀವು ನಿಂತ್ಕಳಿ, ನಾನು ಬರ್ತೀನಿ,” ಎಂದು ಅಂಕಯ್ಯ ಡೋಲು ನಿಲ್ಲಿಸಿದ.

“ನಾನು ನಿಂತೇ ಇದ್ದೀನಿ ಕಣ್ಲಾ! ದವಡೆ ಹೋಗ್ತಾ ಅದೆ!”

ಒಂದಷ್ಟು ಹೊತ್ತಿನ ಮೇಲೆ ದವಡೆ ತಾನಾಗಿ ನಿಂತಿತು. ಮತ್ತೆ ಸಂಜೆ ಶುರುವಾಯಿತು. ರಾತ್ರಿ ಊಟದ ಮೇಲೆ ಇನ್ನೊಮ್ಮೆ. ನರಸಯ್ಯ ಕಂಬಳಿ ಹೊದ್ದು ಗೋಡೆ ಕಡೆ ತಿರುಗಿ ಮಲಗಿದ, ಹೆಂಡತಿಗೆ ಕಾಣದಿರಲಿ ಎಂದು.

ಬೆಳಗಾದರೆ ಅದು ಉಲ್ಟಾ! ರುಕ್ಕಮ್ಮ ಅಕ್ಕಿ ರೊಟ್ಟಿ ಹಾಕಿ ಚಟ್ನಿ ಬಡಿಸಿದಳು. ನರಸಯ್ಯ ಚೂರು ಮುರಿದು ಬಾಯಲ್ಲಿಟ್ಟ. ದವಡೆ ಮುಚ್ಚಲಿಲ್ಲ. ಒಳಗೇನೋ ಗೇಟು ಹಾಕಿದ ಹಾಗೆ ಹಲ್ಲುಗಳು ಒಂದರಿಂದ ಒಂದು ದೂರ ಸರಿದು ನಿಂತವು. ರೊಟ್ಟಿ ನಾಲಿಗೆಯ ಮೇಲೆ ಹಾಗೇ ಕೂತಿತು. ಇಡ್ಲಿ ತರಿಸಿದರು; ಅದೂ ಇಲ್ಲ. ಬಾಳೆಹಣ್ಣನ್ನು ನರಸಯ್ಯ ತಾನೇ ಬೇಡವೆಂದ.

ಕೊನೆಗೆ ರುಕ್ಕಮ್ಮ ಒಂದು ಲೋಟ ರಾಗಿ ಅಂಬಲಿ ಮಾಡಿ ಕುಡಿಸಿ, ಸೆರಗು ಬಿಗಿದು, ಗಂಡನನ್ನು ಮುಂದಿಟ್ಟುಕೊಂಡು ಆಸ್ಪತ್ರೆಗೆ ಹೊರಟಳು.

ಅಲ್ಲಿ ನೋಡಿದರೆ ಬೆಂಚಿನ ತುಂಬ ಜನ! ದಂತಸ್ತಂಭ ಹಾಕಿಸಿಕೊಂಡವರೆಲ್ಲ ಅಲ್ಲೇ ಇದ್ದರು. ಎಲ್ಲರ ಮುಖವೂ ಹಸಿವಿನಿಂದ ಕಪ್ಪಿಟ್ಟಿತ್ತು. ಮಂಟಪದ ಭುಜಂಗಯ್ಯನೂ ಇದ್ದ. ಅವನಿಗೆ ವಯರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸಿಪ್ಪೆ ಸುಲಿಯುವ ಅಭ್ಯಾಸ. ಮಂಟಪದ ಸೀರಿಯಲ್ ಸೆಟ್ಟೆಲ್ಲ ಹಾಗೇ ಜೋಡಿಸಿ ಜೋಡಿಸಿ ಒಂದು ಹಲ್ಲು ಮುರಿದುಕೊಂಡು ಅವನೂ ಇಲ್ಲೇ ಮೊಳೆ ಹೊಡೆಸಿಕೊಂಡಿದ್ದ.

“ಡಾಕ್ಟ್ರೇ, ನಿನ್ನೆ ಇಡೀ ದಿನ ಸುಮ್ಮಸುಮ್ಮನೆ ಮೆಂದೆ, ಇವತ್ತು ಒಂದು ತುತ್ತು ಇಳೀಲಿಲ್ಲ! ಇದು ಯಾವ ನ್ಯಾಯ?” ಎಂದು ಭುಜಂಗಯ್ಯ ಎಗರಾಡಿದ.

ಸೇತುಮಾಧವ ಕಂಪ್ಯೂಟರಿನ ಮುಂದೆ ಕೂತು ಒಂದೊಂದು ಗೆರೆ ನೋಡುತ್ತಾ ಹೋದ. ನೋಡುತ್ತಾ ನೋಡುತ್ತಾ ಅವನ ಕಿವಿ ಕೆಂಪಾಯಿತು.

“ಒಂದು ಸಣ್ಣ ತಪ್ಪಾಗಿದೆ,” ಎಂದ.

“ಹೇಳಿ, ಎಷ್ಟು ಸಣ್ದು?” ಎಂದಳು ರುಕ್ಕಮ್ಮ.

“ಅತ್ತೆ ಬಾಯಲ್ಲಿ ಪೋಸ್ಟುಗಳು ಜಗಳ ಆಡ್ತಿದ್ವಲ್ಲ, ಅದಕ್ಕೆ ಮೊನ್ನೆ ನಮ್ಮ ಪಂಕ್ತಿ ಊಟದ ನಿಯಮ ಬರೆದಿದ್ದೆ. ಪಂಕ್ತೀಲಿ ಹಿರಿಯರು ತುತ್ತು ಎತ್ತೋ ತನಕ ಯಾರೂ ಎತ್ತಬಾರದು, ಅವರು ಕೈ ತೊಳೆಯೋಕೆ ಏಳೋ ತನಕ ಯಾರೂ ಏಳಬಾರದು, ಅಲ್ವೇ? ಹಾಗೇ ಮೊದಲು ಹಾಕಿದ ಪೋಸ್ಟು ಹಿರಿಯ. ಅದು ಅಗಿಯೋಕೆ ಶುರು ಮಾಡಿದ್ರೆ ಉಳಿದವೂ ಮಾಡಬೇಕು, ಅದು ನಿಂತ್ರೆ ಉಳಿದವೂ ನಿಲ್ಲಬೇಕು. ಎಷ್ಟು ಚೆನ್ನಾಗಿ ಕೆಲಸ ಮಾಡ್ತು! ಆದ್ರೆ ಒಂದೇ ಬಾಯೊಳಗೆ ಅಂತ ಬರೆಯೋದು ಮರೆತೆ. ಕೂಗಳತೆಯಲ್ಲಿರೋ ಎಲ್ಲ ಪೋಸ್ಟುಗಳೂ ಈಗ ಒಂದೇ ಪಂಕ್ತಿ ಅಂದ್ಕೊಂಡಿವೆ.”

ಬೆಂಚಿನವರೆಲ್ಲ ತಂತಮ್ಮ ಗದ್ದ ಮುಟ್ಟಿ ನೋಡಿಕೊಂಡರು.

“ಅಂದ್ರೆ ನಿನ್ನೆ ನಾವೆಲ್ಲ ಮೆಂದದ್ದು?” ಎಂದ ನರಸಯ್ಯ.

“ಅತ್ತೆಯ ಎಲೆ ಅಡಿಕೆ.”

“ಇವತ್ತು ಯಾಕೆ ಬಾಯಿ ಕಚ್ತಿಲ್ಲ?”

“ಇವತ್ತು ಏಕಾದಶಿ. ಅತ್ತೆ ಉಪವಾಸ. ಎಲೆ ಅಡಿಕೇನೂ ಇಲ್ಲ.”

ಬೆಂಚಿನಲ್ಲಿ ಕೂತಿದ್ದ ಮಟನ್ ಅಂಗಡಿಯವರೊಬ್ಬರು ಆಕಾಶ ನೋಡಿದರು.

“ಹಂಗಾರೆ ಆ ನಿಯಮ ಅಳಿಸಿ ಬಿಸಾಕಿ!” ಎಂದು ರುಕ್ಕಮ್ಮ ಮೇಜು ಗುದ್ದಿದಳು.

ಅಳಿಸಬೇಕಾದದ್ದು ಹಿರಿಯ ಪೋಸ್ಟಿನಲ್ಲಿ. ಅದಿರುವುದು ತುಂಗಾಬಾಯಿಯವರ ಬಾಯಿಯಲ್ಲಿ. ಎಲ್ಲರೂ ಹಿಂಡಾಗಿ ಆಸ್ಪತ್ರೆಯ ಹಿಂದೆಯೇ ಇದ್ದ ಡಾಕ್ಟರ ಮನೆಯ ಹಿತ್ತಲ ಬಾಗಿಲಿಗೆ ಹೋದರು. ಒಳಗೆ ತುಂಗಾಬಾಯಿಯವರ ಯಜಮಾನರು ಪೇಪರು ಓದುತ್ತಿದ್ದರು. ಅವರಿಗೆ ಕಿವಿ ಕೇಳುವುದಿಲ್ಲ, ಆ ದಾಂಪತ್ಯ ಅರವತ್ತು ವರ್ಷ ನಡೆದ ಗುಟ್ಟೇ ಅದು ಎಂದು ಬೀದಿಯವರ ಮಾತು. ತುಂಗಾಬಾಯಿ ಮಡಿ ಸೀರೆಯಲ್ಲಿ ಜಪಮಣಿ ಹಿಡಿದಿದ್ದರು.

“ಹತ್ತಿರ ಬರಬೇಡ್ವೋ ಸೇತು! ಮಡಿ! ಏಕಾದಶಿ ದಿನ ಬಾಯಿಗೆ ನೀರೇ ಬಿಟ್ಟುಕೊಳ್ಳೋಲ್ಲ, ನಿನ್ನ ಇಕ್ಕಳ ಬಿಟ್ಟುಕೊಳ್ತೀನಾ?”

“ಅತ್ತೆ, ನಾಳೆ ಬೆಳಿಗ್ಗೆ ಮದುವೆ! ನೀವು ಅಗಿದ್ರೆ ನರಸಯ್ಯನವರ ವಾಲಗ ಅಲ್ಲಾಡುತ್ತೆ!”

“ನಾನು ಎಲೆ ಹಾಕೋದು ನನ್ನ ಬಾಯಿಗೆ. ಅವನ ವಾಲಗಕ್ಕೇನಂತೆ?”

ನರಸಯ್ಯ ಮುಂದೆ ಬಂದ. “ಅಮ್ಮಾವ್ರೇ, ನಾಳೆ ಗಟ್ಟಿಮೇಳ ನೆಟ್ಟಗೆ ಬರ್ದೇ ಹೋದ್ರೆ ಆ ಮಂಟಪ ನನ್ ಕೈ ಬುಟ್ಟೋಯ್ತದೆ. ಅಲ್ಲಿ ಪೆಟ್ಟಿಗೆ ಕೂರ್ತದೆ. ಧಾರೆ ಹೊತ್ನಲ್ಲಿ ಒಂದು ಗಳಿಗೆ ಬಾಯಾಡಿಸ್ದೆ ಇರಿ, ಅಷ್ಟೇ ಸಾಕು.”

‘ಪೆಟ್ಟಿಗೆ’ ಎಂಬ ಮಾತಿಗೆ ತುಂಗಾಬಾಯಿಯವರ ಮುಖ ಗಂಟಾಯಿತು. “ಪೆಟ್ಟಿಗೆ ಊದುತ್ತಾ? ಅದಕ್ಕೆ ಉಸಿರಿದೆಯಾ?” ಎಂದರು ಭುಜಂಗಯ್ಯನನ್ನು ದುರುಗುಟ್ಟಿ ನೋಡುತ್ತಾ. ಆಮೇಲೆ ಜಪಮಣಿಯನ್ನು ಕಣ್ಣಿಗೊತ್ತಿಕೊಂಡರು. “ಹೋಗು ನರಸಯ್ಯ. ರಾಯರಾಣೆ, ಧಾರೆ ಶುರುವಾದಾಗಿನಿಂದ ತಾಳಿ ಕಟ್ಟೋ ತನಕ ಬಾಯಿಗೆ ಏನೂ ಹಾಕೋಲ್ಲ. ನಾನೂ ಮದುವೆಗೆ ಬಂದು ನಿನ್ನ ಕಣ್ಣೆದುರಿಗೇ ಕೂತಿರ್ತೀನಿ.”

“ಆದ್ರೆ ಅಮ್ಮಾವ್ರು ಸುಮ್ಕಿದ್ರೆ ಇವರ ಬಾಯಿ ಕಚ್ಚಕಿಲ್ವಲ್ಲ ಡಾಕ್ಟ್ರೇ?” ಎಂದು ರುಕ್ಕಮ್ಮ ಅನುಮಾನ ತೆಗೆದಳು.

“ಅದು ಅನ್ನಕ್ಕೆ ಕಣಮ್ಮ! ಪೀಪಿ ಅನ್ನವೇ?” ಎಂದು ಸೇತುಮಾಧವ ನಕ್ಕ. ಹಸಿದಿದ್ದ ನರಸಯ್ಯನಿಗೆ ಪೀಪಿಯನ್ನು ಬಾಯಿಗಿಟ್ಟು ನೋಡುವಷ್ಟೂ ತ್ರಾಣವಿರಲಿಲ್ಲ. ಮನೆಗೆ ಹೋಗಿ ಇನ್ನೊಂದು ಲೋಟ ಅಂಬಲಿ ಕುಡಿದು ಮಲಗಿದ.

ದ್ವಾದಶಿಯ ಪಾರಣೆ ಸೂರ್ಯ ಹುಟ್ಟುವ ಹೊತ್ತಿಗೇ ಆಗಬೇಕು. ಹಾಗಾಗಿ ಊರಿನ ಅಷ್ಟೂ ದಂತಸ್ತಂಭದ ಮನೆಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಜನ ಎದ್ದು ಕೂತು, ಹಲ್ಲು ಆಡಿದೊಡನೆ ಸಿಕ್ಕಿದ್ದನ್ನೆಲ್ಲ ತಿಂದರು. ನರಸಯ್ಯ ರೊಟ್ಟಿಯ ಮೇಲೆ ರೊಟ್ಟಿ ತಿಂದು ವಾಲಗ ಹೆಗಲಿಗೇರಿಸಿಕೊಂಡು ಮಂಟಪಕ್ಕೆ ಬಂದ. ಅಲ್ಲಿಗೆ ಡಾಕ್ಟರ ಮನೆಯೂ ಕೂಗಳತೆಯೇ. ತುಂಗಾಬಾಯಿ ನಿನ್ನೆಯ ಬಾಕಿಯನ್ನೂ ಸೇರಿಸಿ ಒಂದರ ಮೇಲೊಂದು ಎಲೆ ಹಾಕಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ, ಅವನ ದವಡೆಗೆ ಬಿಡುವೇ ಇರಲಿಲ್ಲ.

ಬೇರೆ ದಾರಿಯಿಲ್ಲದೆ ನರಸಯ್ಯ ಕಣ್ಣು ಮುಚ್ಚಿ ಊದಿದ. ಕಾನಡದ ಗಾಂಧಾರ ಎಡಕ್ಕೆ ತೂಗಿತು, ಬಲಕ್ಕೆ ತೂಗಿತು, ಮೆಲ್ಲಗೆ ಬಂದು ಕೂತಿತು. ಅಂಕಯ್ಯ ಬುದ್ಧಿವಂತ; ಭಾವನ ದವಡೆಯ ಮೇಲೆ ಕಣ್ಣಿಟ್ಟು ಆ ಲಯಕ್ಕೇ ಡೋಲು ಬಾರಿಸತೊಡಗಿದ.

ಮುಂದಿನ ಸಾಲಿನಲ್ಲಿ ಕೂತಿದ್ದ ಗಂಡಿನ ಕಡೆಯ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟರು. “ಆಹಾ! ಏನು ಗಮಕ! ಇಂಥ ಕಂಪಿತ ಕೇಳಿ ಎಷ್ಟು ಕಾಲವಾಯ್ತು!” ಎಂದರು. ಪಕ್ಕದವರು ತಲೆದೂಗಿದರು. ಅದನ್ನು ಕಂಡು ಅವರ ಪಕ್ಕದವರೂ ತೂಗಿದರು. ಕಾಶಿಯಾತ್ರೆಗೆ ಹೊರಟ ಮದುಮಗ ಛತ್ರಿ ಹಿಡಿದುಕೊಂಡು ಅಲ್ಲೇ ನಿಂತು ಕೇಳತೊಡಗಿದ. ಅವನನ್ನು ಎಳೆದುಕೊಂಡು ಹೋಗಬೇಕಾಯಿತು. ನರಸಯ್ಯನಿಗೆ ಹೆಮ್ಮೆಯೂ ಆಯಿತು, ಒಳಗೊಳಗೇ ಕಸಿವಿಸಿಯೂ ಆಯಿತು. ಚಪ್ಪಾಳೆ ತನಗೆ, ಗಮಕ ಮಾತ್ರ ಹಿಂದಿನ ಬೀದಿಯ ಎಲೆ ಅಡಿಕೆಯದು!

ಅಷ್ಟರಲ್ಲಿ ಸೇತುಮಾಧವ ಅತ್ತೆಯನ್ನು ಕರೆತಂದು ವಾಲಗದ ಎದುರಿಗೇ ಕುರ್ಚಿ ಹಾಕಿ ಕೂರಿಸಿದ. ಧಾರೆ ಶುರುವಾಯಿತು. ತುಂಗಾಬಾಯಿ ಎದ್ದು ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. ಕೂತು, ತುಟಿ ಬಿಗಿದು, ನರಸಯ್ಯನ ಕಡೆ ಒಮ್ಮೆ ಗಂಭೀರವಾಗಿ ತಲೆಯಾಡಿಸಿದರು. ಕೊಟ್ಟ ಮಾತು ಅಂದರೆ ಮಾತು.

ದವಡೆ ನಿಂತಿತು. ನರಸಯ್ಯ ಸಮಾಧಾನದಿಂದ ಉಸಿರು ಬಿಟ್ಟು ಪೀಪಿಯನ್ನು ಬಾಯಿಗಿಟ್ಟ. ಹಲ್ಲುಗಳು ಸರ್ರನೆ ದೂರ ಸರಿದವು!

ಪೀಪಿ ಜಾರಿ ತೊಡೆಯ ಮೇಲೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಹಿರಿಯರು ತುತ್ತು ಎತ್ತಿಲ್ಲ. ಕಿರಿಯ ಹಲ್ಲು ಏನನ್ನೂ ಕಚ್ಚುವಂತಿಲ್ಲ. ಅನ್ನವೋ ಪೀಪಿಯೋ ಎಂದು ಆ ಮೊಳೆಗೇನು ಗೊತ್ತು!

“ಗಟ್ಟಿಮೇಳ! ಗಟ್ಟಿಮೇಳ!” ಎಂದು ಪುರೋಹಿತರು ಕೈಬೀಸಿದರು. ಮದುಮಗ ತಾಳಿ ಹಿಡಿದು ಬಗ್ಗಿದ. ಅಂಕಯ್ಯನ ಡೋಲು ಒಂದೇ ಧಡಧಡ ಎಂದಿತು, ವಾಲಗ ಇಲ್ಲ. ಅಕ್ಷತೆ ಹಿಡಿದು ಎತ್ತಿದ ಕೈಗಳು ಹಾಗೇ ನಿಂತವು.

“ಊದಯ್ಯಾ!” ಎಂದರು ಹೆಣ್ಣಿನ ತಂದೆ.

“ಗಟ್ಟಿಮೇಳ ಇಲ್ಲದೆ ತಾಳಿ ಕಟ್ಟಿಸೋಲ್ಲ,” ಎಂದಳು ಗಂಡಿನ ಅಜ್ಜಿ.

ನರಸಯ್ಯ ಬಾಯಿ ತೆರೆದುಕೊಂಡೇ ವೇದಿಕೆಯಿಂದ ಧುಮುಕಿದ. ತಾಂಬೂಲದ ತಟ್ಟೆ ಎತ್ತಿಕೊಂಡು ಓಡಿ ತುಂಗಾಬಾಯಿಯವರ ಮುಂದೆ ಮೊಣಕಾಲೂರಿದ. “ಅಮ್ಮಾವ್ರೇ, ಹಾಕ್ಕಳಿ! ಒಂದೇ ಒಂದು ಎಲೆ! ದಮ್ಮಯ್ಯ!”

ತುಂಗಾಬಾಯಿ ತುಟಿ ಬಿಗಿದೇ ತಲೆ ಅಡ್ಡಡ್ಡ ಆಡಿಸಿದರು. ತಾಳಿ ಕಟ್ಟುವ ತನಕ ಇಲ್ಲ. ರಾಯರ ಆಣೆ.

“ಅತ್ತೆ! ನೀವು ಅಗಿಯದೆ ವಾಲಗ ಇಲ್ಲ, ವಾಲಗ ಇಲ್ಲದೆ ತಾಳಿ ಇಲ್ಲ!” ಎಂದು ಸೇತುಮಾಧವ ಕೈಮುಗಿದ. ಅವರು ಇನ್ನೂ ಜೋರಾಗಿ ತಲೆಯಾಡಿಸಿದರು. ತಾಳಿ ಇಲ್ಲದೆ ಎಲೆ ಇಲ್ಲ!

“ಮುಹೂರ್ತ ಮೀರ್ತಿದೆ!” ಎಂದು ಪುರೋಹಿತರು ಗಡಿಯಾರ ನೋಡಿದರು. ನರಸಯ್ಯನ ಕಣ್ಣಲ್ಲಿ ನೀರಾಡಿತು. ಅಜ್ಜನ ಮಂಟಪ, ಅಪ್ಪನ ಮಂಟಪ, ಇವತ್ತಿಗೆ ಮುಗಿಯಿತು ಎಂದುಕೊಂಡ.

“ಪಕ್ಕಕ್ಕೆ ಬನ್ನಿ, ಪಕ್ಕಕ್ಕೆ ಬನ್ನಿ!” ಎನ್ನುತ್ತಾ ಭುಜಂಗಯ್ಯ ಪೆಟ್ಟಿಗೆ ಹೊತ್ತು ತಂದ. ಒಂದು ಸ್ಪೀಕರಿನ ವಯರು ಸಿಕ್ಕಿಸಿ ಗುಂಡಿ ಒತ್ತಿದ. ಎರಡನೇ ಸ್ಪೀಕರಿನ ವಯರಿನ ತುದಿ ಸುಲಿಯಬೇಕಿತ್ತು. ಅದನ್ನು ಬಾಯಿ ಹತ್ತಿರ ತಂದು, ಎಂದಿನಂತೆ ಹಲ್ಲಿನ ನಡುವೆ ಇಟ್ಟ. ಹಲ್ಲು ಕಚ್ಚದೆ ಅವನೂ ಬಾಯಿ ತೆರೆದುಕೊಂಡೇ ನಿಂತ.

ಪೆಟ್ಟಿಗೆ ಕರ್ರೆಂದಿತು. ಆಮೇಲೆ ಒಂದು ಹೆಣ್ಣು ದನಿ ಇಡೀ ಮಂಟಪಕ್ಕೆ ಕೇಳುವಂತೆ ಉಲಿಯಿತು:

“ಈ ಗಟ್ಟಿಮೇಳವನ್ನು ನಿಮಗೆ ಅರ್ಪಿಸುತ್ತಿರುವವರು, ಕೋಮಲ ಬನಿಯನ್ ಮತ್ತು ಚಡ್ಡಿಗಳು! ಹಾಕಿದರೆ ಹಗುರ, ಒಗೆದರೆ...”

ತುಂಗಾಬಾಯಿಯವರ ಮುಖ ಮೊದಲು ಬಿಳಿಚಿತು, ಆಮೇಲೆ ಕುಂಕುಮದ ಬಣ್ಣಕ್ಕೆ ತಿರುಗಿತು. ಮಾಂಗಲ್ಯದ ಮುಹೂರ್ತದಲ್ಲಿ ಚಡ್ಡಿ! ನರಸಯ್ಯನ ವಾಲಗದ ಜಾಗದಲ್ಲಿ ಚಡ್ಡಿ! ಅವರಿಗೆ ಸಿಟ್ಟು ತಡೆಯಲಾಗಲಿಲ್ಲ. ಇದ್ದಬದ್ದ ಬಲವೆಲ್ಲ ಹಾಕಿ ಕಟಕಟ ಕಟಕಟ ಹಲ್ಲು ಕಡಿದರು.

ಹಿರಿಯರು ಶುರು ಮಾಡಿದರು!

ಮಂಟಪದಲ್ಲಿದ್ದ ಅಷ್ಟೂ ದಂತಸ್ತಂಭಗಳು ಒಂದೇ ಏಟಿಗೆ ಕಚ್ಚಿದವು. ಭುಜಂಗಯ್ಯನ ಬಾಯಲ್ಲಿದ್ದ ವಯರು ಎರಡು ತುಂಡಾಗಿ, ಚಟ್ಟೆಂದು ಕಿಡಿ ಹಾರಿ, ಚಡ್ಡಿಯ ಮಾತು ಅರ್ಧಕ್ಕೇ ನಿಂತಿತು. ಮೂಲೆಯಲ್ಲಿ ಬೋಂಡಾ ಹಿಡಿದು ಸುಮ್ಮನೆ ಕೂತಿದ್ದ ಮಟನ್ ಅಂಗಡಿಯವರು ಅದನ್ನು ಗಬಕ್ಕನೆ ಮುಗಿಸಿದರು. ನರಸಯ್ಯ ಒಂದೇ ನೆಗೆತಕ್ಕೆ ವೇದಿಕೆ ಹತ್ತಿ ಪೀಪಿ ಬಾಯಿಗಿಟ್ಟ. ಹಲ್ಲು ಗಕ್ಕನೆ ಹಿಡಿಯಿತು. ಊದಿದ!

ಅಂಥ ಗಟ್ಟಿಮೇಳವನ್ನು ನಂಜನಗೂಡು ಅದುವರೆಗೆ ಕೇಳಿರಲಿಲ್ಲ. ಎಂಬತ್ತು ವರ್ಷದ ಸಿಟ್ಟು ಅದರಲ್ಲಿತ್ತು. ಚಪ್ಪರದ ಮಾವಿನೆಲೆ ಅದುರಿತು, ಅಕ್ಷತೆ ಮಳೆಯಾಗಿ ಸುರಿಯಿತು, ಬೆದರಿದ ಮದುಮಗ ಮೂರು ಗಂಟನ್ನೂ ಕಣ್ಣು ಮಿಟುಕಿಸುವುದರಲ್ಲಿ ಹಾಕಿ ಮುಗಿಸಿದ.

“ಅತ್ತೆ, ಆಣೆ?” ಎಂದು ಸೇತುಮಾಧವ ಮೆಲ್ಲಗೆ ಕೇಳಿದ.

“ಬಾಯಿಗೆ ಏನೂ ಹಾಕೋಲ್ಲ ಅಂದಿದ್ದೆ. ಹಲ್ಲು ಕಡಿಯೋಲ್ಲ ಅಂದಿದ್ನೇ?” ಎನ್ನುತ್ತಾ ತುಂಗಾಬಾಯಿ ತಟ್ಟೆಯಿಂದ ಎಲೆ ಎತ್ತಿಕೊಂಡರು. “ತಾಳಿ ಕಟ್ಟಾಯ್ತಲ್ಲ, ಇನ್ನು ಧಾರಾಳವಾಗಿ ಹಾಕ್ಕೋತೀನಿ.”

ಅವರು ಧಾರಾಳವಾಗಿಯೇ ಹಾಕಿಕೊಂಡರು. ಹೀಗಾಗಿ ಗಟ್ಟಿಮೇಳ ನಿಲ್ಲಲಿಲ್ಲ. ಸಪ್ತಪದಿಗೂ ಗಟ್ಟಿಮೇಳ, ಅರುಂಧತಿ ನಕ್ಷತ್ರಕ್ಕೂ ಗಟ್ಟಿಮೇಳ, ಮೊದಲ ಪಂಕ್ತಿಗೆ ಹೋಳಿಗೆ ಬಡಿಸುವಾಗಲೂ ಗಟ್ಟಿಮೇಳ. ಪೀಪಿಯನ್ನು ಕಚ್ಚಿದ ಹಲ್ಲು ಬಿಡಲೊಲ್ಲದು. ಕೊನೆಗೆ ರುಕ್ಕಮ್ಮನೇ ಬಂದು ತುಂಗಾಬಾಯಿಯವರ ಕೈಗೆ ನೀರಿನ ಚೊಂಬು ಕೊಟ್ಟು, “ಅಮ್ಮಾವ್ರೇ, ಉಗುಳ್ಬುಡಿ, ನನ್ ಗಂಡ ಉಸಿರು ತಕ್ಕಳ್ಲಿ,” ಎಂದಾಗ ಮಂಟಪಕ್ಕೆ ಮೌನ ಬಂತು.

ಭುಜಂಗಯ್ಯ ಊದಿದ ತುಟಿಗೆ ಐಸ್ ಒತ್ತಿಕೊಂಡು ಬಂದ. “ನರಷಯ್ಯ, ಪೆಟ್ಟಿಗೆ ವಾಪಸ್ ಕೊಟ್ಟುಬುಡ್ತೀನಿ. ಗಂಡಿನ ಕಡೆಯೋರು ಅವರ ಮನೆ ಮುಂದಿನ ಮದುವೆಗೂ ನೀನೇ ಬೇಕು ಅಂತವ್ರೆ. ಆ ತೂಗೋ ವಾಲಗನೇ ಬೇಕಂತೆ,” ಎಂದ.

ನರಸಯ್ಯನಿಗೆ ಸಂತೋಷ ಉಕ್ಕಬೇಕಿತ್ತು. ಉಕ್ಕಿತು, ಆದರೆ ಅರ್ಧಕ್ಕೇ ನಿಂತಿತು. ಅವನು ಹೋಗಿ ತುಂಗಾಬಾಯಿಯವರ ಪಕ್ಕ ನೆಲದ ಮೇಲೆ ಕೂತ. “ಅಮ್ಮಾವ್ರೇ, ಆ ಗಾಂಧಾರ ನಂದಲ್ಲ, ನಿಮ್ದು. ಚಪ್ಪಾಳೆ ತಕ್ಕಳಕ್ಕೆ ನಂಗೆ ನಾಚ್ಕೆ ಆಯ್ತದೆ.”

ತುಂಗಾಬಾಯಿ ಎಲೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಚಿಕ್ಕವಳಿದ್ದಾಗ ವಾಲಗ ಕಲೀತೀನಿ ಅಂತ ಅಪ್ಪನ ಹತ್ರ ಹಟ ಮಾಡಿದ್ದೆ ಕಣಯ್ಯ. ಹೆಣ್ಣುಮಕ್ಕಳು ವಾಲಗ ಊದ್ತಾರಾ ಅಂತ ಕೆನ್ನೆಗೆ ಕೊಟ್ಟರು. ಅವತ್ತಿಂದ ಕಿಟಕೀಲೇ ಕೂತು ಕೇಳಿದೆ. ಇವತ್ತು ಮುಂಜಾನೆ ಮನೇಲಿ ಎಲೆ ಹಾಕ್ಕೊಂಡು ಕೂತಿದ್ನಲ್ಲ, ಮಂಟಪದಿಂದ ನನ್ನ ಗಾಂಧಾರ ಕೇಳಿಸ್ತು. ನಾನು ಮೆಲ್ಲಗೆ ಅಗಿದ್ರೆ ಅದು ಮೆಲ್ಲಗೆ ತೂಗುತ್ತೆ! ನನಗೆ ಗೊತ್ತಾಗಿಹೋಯ್ತು.” ಅವರ ಕಣ್ಣು ತುಂಬಿತ್ತು. ಸೆರಗಿನಲ್ಲಿ ಒರೆಸಿಕೊಂಡು, “ಸುಮ್ಮನೆ ಇಷ್ಟು ಎಲೆ ಹಾಕ್ಕೊಂಡೆ ಅಂದ್ಕೊಂಡ್ಯಾ?” ಎಂದರು.

ಮಾರನೆಯ ದಿನ ಸೇತುಮಾಧವ ಒಬ್ಬೊಬ್ಬರದೇ ದಂತಸ್ತಂಭ ಕಿತ್ತು ಬುದ್ಧಿಯಿಲ್ಲದ ಮಾಮೂಲಿ ಪೋಸ್ಟ್ ಹಾಕುತ್ತಾ ಬಂದ. ಭುಜಂಗಯ್ಯನಿಗೆ ಒಂದು ವಯರು ಸುಲಿಯುವ ಇಕ್ಕಳವನ್ನೂ ಕೊಟ್ಟು ಕಳಿಸಿದ. ನರಸಯ್ಯನ ಸರದಿ ಬಂದಾಗ ಅವನು ಕುರ್ಚಿ ಹತ್ತಲಿಲ್ಲ.

“ನಂದು ಇರ್ಲಿ ಬುಡಿ ಡಾಕ್ಟ್ರೇ, ಅಮ್ಮಾವ್ರದೂ ಇರ್ಲಿ,” ಎಂದ.

ಈಗ ಪುಟ್ಟನರಸಯ್ಯನ ಮೇಳಕ್ಕೆ ಮೈಸೂರಿನಿಂದಲೂ ಜನ ಬರುತ್ತಾರೆ. ವೇದಿಕೆಯಲ್ಲಿ ವಾಲಗ, ಡೋಲು, ಶ್ರುತಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಇರುತ್ತದೆ. ಅದರಲ್ಲಿ ರೇಷ್ಮೆ ಸೀರೆಯುಟ್ಟ ಒಬ್ಬ ಅಜ್ಜಿ ಎಲೆ ಅಡಿಕೆಯ ತಟ್ಟೆ ಇಟ್ಟುಕೊಂಡು ಕಣ್ಣು ಮುಚ್ಚಿ ಅಗಿಯುತ್ತಿರುತ್ತಾರೆ. ಇವರೇನು ನುಡಿಸುತ್ತಾರೆ ಎಂದು ಜನ ಕೇಳಿದರೆ ಅಂಕಯ್ಯ, “ನಮ್ ಭಾವನ್ನ,” ಎನ್ನುತ್ತಾನೆ.

ಮದುವೆ ಗೊತ್ತು ಮಾಡಲು ಬಂದವರಿಗೆ ಮಣೆ ಹಾಕಿ, ಕಾಫಿ ಕೊಟ್ಟು, ವೀಳ್ಯ ತೆಗೆದುಕೊಳ್ಳುವ ಮುಂಚೆ ರುಕ್ಕಮ್ಮ ಕೇಳುವುದು ಒಂದೇ ಮಾತು:

“ಎಲ್ಲ ಸರಿ. ಅವತ್ತು ಏಕಾದಶಿ ಅಲ್ಲ ತಾನೆ?”